ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು

ನಮ್ಮ ಶಾಲೆಯ ಮಕ್ಕಳಲ್ಲಿ ಪರೇಲಿನ ಕೆ. ಇ. ಎಂ. ಆಸ್ಪತ್ರೆಯನ್ನು ನೋಡದವರು ಇರಲಾರರು. ವಡಾಲದಿಂದ ಅದು ನಡೆದೇ ತಲುಪಬಹುದಾದಷ್ಟು ಸಮೀಪದಲ್ಲಿದೆ. ಮನೆಯಲ್ಲಿ ಯಾರಿಗಾದರೂ ಜ್ವರ ಇಳಿಯದಿದ್ದಾಗ, ಆಟದಲ್ಲಿ ಬಿದ್ದು ಕೈ ಮುರಿದಾಗ, ತಾಯಿಯ ಸೆರಗು ಹಿಡಿದು ಅಲ್ಲಿಯ ಕೇಸ್ ಪೇಪರಿನ ಸಾಲಿನಲ್ಲಿ ನಿಂತ ನೆನಪು ನಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ ಇದ್ದೇ ಇರುತ್ತದೆ. ಆ ಆಸ್ಪತ್ರೆಗೆ ಹೊಂದಿಕೊಂಡಿರುವುದೇ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜು. ಅಲ್ಲಿ ಓದಿದ ಒಬ್ಬ ತರುಣ ವೈದ್ಯರ ಸಮಾಧಿ ಚೀನಾ ದೇಶದಲ್ಲಿದೆ. ಆ ದೇಶದ ಜನರು ಅವರ ಶಿಲಾಮೂರ್ತಿಯನ್ನು ನಿಲ್ಲಿಸಿ, ಇಂದಿಗೂ ಅದಕ್ಕೆ ಹೂ ಅರ್ಪಿಸುತ್ತಾರೆ. ಅವರೇ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು. ಅವರು ಬದುಕಿದ್ದುದು 32 ವರ್ಷ ಮಾತ್ರ.

ಕೋಟ್ನೀಸರು 1910ನೆಯ ಇಸವಿಯ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದರು. ಅವರನ್ನು ಕನ್ನಡಿಗರೆಂದು ಕರೆದು ಹೆಮ್ಮೆಪಡಲು ನಾವು ಹೊರಟಿಲ್ಲ. ಆದರೆ ಸೊಲ್ಲಾಪುರವು ನಮಗೆ ಪರ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೆರೆ ತೋಡಿಸಿ, ಗುಡಿ ಕಟ್ಟಿಸಿ, ವಚನಗಳನ್ನು ರಚಿಸಿದ ಸೊನ್ನಲಿಗೆಯ ಸಿದ್ಧರಾಮನ ಊರು ಅದು. ಮರಾಠಿ, ಕನ್ನಡ, ತೆಲುಗು, ಉರ್ದು ಈ ನಾಲ್ಕೂ ನುಡಿಗಳು ಅಲ್ಲಿಯ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ನಾವು ರಜೆಯಲ್ಲಿ ವಿಜಾಪುರದ ಕಡೆಗೆ ಹೋಗುವಾಗ ಗಾಡಿಯು ಸೊಲ್ಲಾಪುರದ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿ ಹತ್ತುವವರು ಒಂದು ಮಾತನ್ನು ಮರಾಠಿಯಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವುದನ್ನು ಕೇಳಿ, ನಮ್ಮ ಊರು ಇನ್ನು ದೂರವಿಲ್ಲವೆಂದು ತಿಳಿದುಕೊಳ್ಳುತ್ತೇವೆ. ಇಂಥ ಗಡಿಯ ಊರಿನಲ್ಲಿ ಬೆಳೆದವನಿಗೆ ಇನ್ನೊಬ್ಬರ ಭಾಷೆಯ ಅಂಜಿಕೆ ಕಡಿಮೆ. ಈ ಮಾತು ಮುಂದೆ ನೆನಪಿಗೆ ಬರುವುದರಿಂದ ಇಲ್ಲಿಯೇ ಹೇಳಿಟ್ಟಿದ್ದೇವೆ.

ಕೋಟ್ನೀಸರ ಮನೆತನ ಸಿರಿವಂತವಾದುದಲ್ಲ. ಇಬ್ಬರು ಸಹೋದರರು, ಐವರು ಸಹೋದರಿಯರು ಇದ್ದ ತುಂಬಿದ ಸಂಸಾರ. ಸೊಲ್ಲಾಪುರವು ಆ ಕಾಲದಲ್ಲಿ ಹತ್ತಿ ಗಿರಣಿಗಳ ಊರು. 1877ರಲ್ಲಿ ಆರಂಭವಾದ ಮೊದಲನೆಯ ಗಿರಣಿಯನ್ನು ಜನರು ಹಳೆಯ ಗಿರಣಿ ಎಂದೇ ಕರೆಯುತ್ತಿದ್ದರು. ಗಿರಣಿಯ ಭೋಂಗಾ ಕೂಗಿದರೆ ಊರು ಏಳುವುದು, ಕೂಗಿದರೆ ಊರು ಉಣ್ಣುವುದು. ಕೂಲಿಕಾರರ ಚಾಳುಗಳು, ಅವರ ಬಡತನ, ಅವರ ಬೇನೆಗಳು ಹುಡುಗನ ಕಣ್ಣೆದುರಿಗೇ ಇದ್ದವು.

ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಸರಕಾರವು ಬಂಧಿಸಿದ ಸುದ್ದಿ ಬಂದು ಸೊಲ್ಲಾಪುರ ಹೊತ್ತಿಕೊಂಡಿತು. ಗಿರಣಿಯ ಕೂಲಿಕಾರರು ಬೀದಿಗಿಳಿದರು. ಕೆಲವು ದಿನ ಆಂಗ್ಲರ ಆಡಳಿತವೇ ಆ ಊರಿನಿಂದ ಕಾಲ್ತೆಗೆದಿತ್ತು. ಬಳಿಕ ಸೈನಿಕ ಕಾಯಿದೆ ಜಾರಿಯಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ಲಿಂಗಾಯತ, ಮುಸಲ್ಮಾನ, ಮರಾಠ, ಮಾರವಾಡಿ, ಹೀಗೆ ಸೊಲ್ಲಾಪುರದ ನಾಲ್ಕು ಓಣಿಗಳೂ ಒಂದೇ ದಿನ ಶೋಕ ಆಚರಿಸಿದವು. ಆ ತಲೆಮಾರಿನ ತರುಣರಲ್ಲಿ ದೇಶದ ವಿಚಾರವನ್ನು ಬದಿಗಿಟ್ಟು ತಮ್ಮ ಪಾಡಿಗೆ ತಾವಿರುವುದು ಯಾರಿಗೂ ಸುಲಭವಾಗಿರಲಿಲ್ಲ.

ವೈದ್ಯಕೀಯ ವ್ಯಾಸಂಗಕ್ಕಾಗಿ ಅವರು ಮುಂಬಯಿಗೆ ಬಂದರು. ಪರೇಲಿನ ಕಾಲೇಜು ಆಗ ಹೊಸದು, 1926ರಲ್ಲಿ ಸ್ಥಾಪನೆಯಾದುದು. ಅದಕ್ಕೆ ಮುಂಚೆ ಈ ನಗರದಲ್ಲಿದ್ದ ದೊಡ್ಡ ವೈದ್ಯಕೀಯ ವಿದ್ಯಾಲಯವೆಂದರೆ 1845ರ ಗ್ರಾಂಟ್ ಕಾಲೇಜು. ಅಲ್ಲಿಯ ಮೇಲಿನ ಹುದ್ದೆಗಳೆಲ್ಲ ಸರಕಾರಿ ಸೇವೆಯ ಆಂಗ್ಲ ವೈದ್ಯರ ಪಾಲಿನವು. ಹೊಸ ಕಾಲೇಜಿಗೆ ಹಣವಿತ್ತ ದತ್ತಿಯವರು ಒಂದು ಕಟ್ಟಳೆಯನ್ನು ವಿಧಿಸಿದರು: ಕಲಿಸುವವರು ಭಾರತೀಯರಾಗಿರಬೇಕು, ಸರಕಾರಿ ಸೇವೆಗೆ ಸೇರದವರಾಗಿರಬೇಕು. ಭಾರತೀಯರಿಂದಲೇ ವೈದ್ಯಶಾಸ್ತ್ರದ ಬೋಧನೆ ನಡೆಯಬಲ್ಲದೆಂದು ತೋರಿಸಲು ಹುಟ್ಟಿದ ಸಂಸ್ಥೆ ಅದು. ಕೋಟ್ನೀಸರು ಅಲ್ಲಿ ಪದವಿ ಪಡೆದು, ಇನ್ನೂ ಮೇಲಿನ ಪದವಿಗಾಗಿ ಓದುತ್ತಿದ್ದರು. ಅದು ಮುಗಿದಿದ್ದರೆ ಮುಂಬಯಿಯಲ್ಲಿ ಒಳ್ಳೆಯ ದವಾಖಾನೆ, ಮಾನದ ಬದುಕು, ತಂಗಿಯರ ಮದುವೆಗೆ ಆಸರೆ ಎಲ್ಲವೂ ಒದಗುತ್ತಿತ್ತು. ಎಂಟು ಮಕ್ಕಳ ಮನೆಯಲ್ಲಿ ಡಾಕ್ಟರನಾದ ಮಗನಿಂದ ಏನೇನು ನಿರೀಕ್ಷೆಯಿರುತ್ತದೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ 1937ರ ಜುಲೈ ತಿಂಗಳಿನಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿ ಬಂದಿತು. ನಗರಗಳು ಬಾಂಬಿನ ಬೆಂಕಿಗೆ ಸಿಕ್ಕವು. ಗಾಯಾಳುಗಳಿಗೆ ಚಿಕಿತ್ಸೆ ಮಾಡುವ ವೈದ್ಯರು ಬೇಕಾದಷ್ಟಿರಲಿಲ್ಲ. ಚೀನಾದ ಎಂಟನೆಯ ಮಾರ್ಗ ಸೇನೆಯ ಸೇನಾನಿ ಚೂ ತೇ ಅವರು ವೈದ್ಯರನ್ನು ಕಳಿಸಿರೆಂದು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ಕೇಳಿಕೊಂಡರು. ಸುಭಾಷಚಂದ್ರ ಬೋಸರು ಆಗ, ಅಂದರೆ 1938ರಲ್ಲಿ, ಕಾಂಗ್ರೆಸ್ಸಿನ ಅಧ್ಯಕ್ಷರು. ಅವರ ಕರೆಯಂತೆ ಜುಲೈ ತಿಂಗಳಲ್ಲಿ ದೇಶದಲ್ಲೆಲ್ಲ ಚೀನಾ ದಿನವನ್ನು ಆಚರಿಸಿ 22,000 ರೂಪಾಯಿ ಕೂಡಿಸಿದರು. ತಾನೇ ದಾಸ್ಯದಲ್ಲಿದ್ದ ದೇಶವೊಂದು ಇನ್ನೊಂದು ದೇಶದ ಕಷ್ಟಕ್ಕೆಂದು ಜೋಳಿಗೆ ಹಿಡಿಯಿತು. ಐವರು ವೈದ್ಯರ ತಂಡ ಸಿದ್ಧವಾಯಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದ ಅಲಹಾಬಾದಿನ ಡಾಕ್ಟರ್ ಮದನಮೋಹನಲಾಲ ಅಟಲರು ನಾಯಕರು. ನಾಗಪುರದ ಡಾಕ್ಟರ್ ಚೋಳಕರರು ಉಪನಾಯಕರು. ಕಲಕತ್ತೆಯ ಡಾಕ್ಟರ್ ಬಿಜಯಕುಮಾರ ಬಸು ಮತ್ತು ಡಾಕ್ಟರ್ ದೇವೇಶ ಮುಖರ್ಜಿ. ಮತ್ತು ನಮ್ಮ ಕೋಟ್ನೀಸರು. ಮೇಲಿನ ಪದವಿಯ ಓದು ಅರ್ಧಕ್ಕೇ ನಿಂತಿತು.

1938ರ ಸೆಪ್ಟೆಂಬರ್ 1ರಂದು ರಜಪುತಾನಾ ಎಂಬ ಹಡಗು ಅವರನ್ನು ಹೊತ್ತು ಮುಂಬಯಿಯ ಬಂದರಿನಿಂದ ಹೊರಟಿತು. ಈ ಬಂದರಿಗೂ ಚೀನಾದ ಬಂದರುಗಳಿಗೂ ಹಳೆಯ ನಂಟು. ಆ ನಂಟಿನಲ್ಲಿ ಕಹಿಯಾದುದೂ ಇದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ಸಮುದ್ರದ ದಾರಿಯಾಗಿಯೇ 1896ರಲ್ಲಿ ಮುಂಬಯಿಗೆ ಇಳಿಯಿತು. ಮಾಂಡವಿಯ ಇಕ್ಕಟ್ಟಾದ ಓಣಿಗಳಲ್ಲಿ ಮೊದಲು ಕಾಣಿಸಿಕೊಂಡು, ಊರನ್ನೇ ಬರಿದುಮಾಡಿತು. ಅದರ ಭಯದಿಂದಲೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿ, ಗಾಳಿಬೆಳಕುಗಳಿರುವ ಹೊಸ ಬಡಾವಣೆಗಳನ್ನು ಯೋಜಿಸಿತು. ದಾದರ, ಮಾಟುಂಗ, ವಡಾಲಗಳ ಅಗಲವಾದ ಬೀದಿಗಳು ಆ ಯೋಜನೆಯ ಫಲ. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ ಹಾಫ್‌ಕಿನ್ ಎಂಬ ವಿಜ್ಞಾನಿಯ ಹೆಸರಿನ ಸಂಸ್ಥೆ ಪರೇಲಿನಲ್ಲಿದೆ. ರೋಗವನ್ನು ತಂದ ಕಡಲಿನ ದಾರಿಯಲ್ಲೇ, 42 ವರ್ಷಗಳ ತರುವಾಯ, ಮುಂಬಯಿಯಿಂದ ಚೀನಾಕ್ಕೆ ವೈದ್ಯರು ಪ್ರಯಾಣ ಬೆಳೆಸಿದರು.

ಸೆಪ್ಟೆಂಬರ್ 17ರಂದು ಅವರು ಕ್ಯಾಂಟನ್ ನಗರವನ್ನು ತಲುಪಿದರು. ಅಲ್ಲಿಂದ ಹ್ಯಾಂಕೌ. ಆದರೆ ಕಾಲೂರಲು ಯುದ್ಧ ಬಿಡಲಿಲ್ಲ. ಅಕ್ಟೋಬರಿನಲ್ಲಿ ಹ್ಯಾಂಕೌ ಜಪಾನೀಯರ ವಶವಾಯಿತು. ವೈದ್ಯರು ಯಾಂಗ್ಟ್ಸೆ ನದಿಯ ಗುಂಟ ಮೇಲಕ್ಕೆ, ಇಚಾಂಗಿಗೆ, ಅಲ್ಲಿಂದ ಚುಂಗ್‌ಕಿಂಗಿಗೆ ಸರಿಯುತ್ತ ಹೋದರು. ಯೆನಾನಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, 1939ರ ಜನವರಿಯಲ್ಲಿ, ಕೋಟ್ನೀಸರಿಗೆ ಮನೆಯಿಂದ ಪತ್ರ ಬಂದಿತು. ತಂದೆ ತೀರಿಕೊಂಡಿದ್ದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಅನ್ನ ಸಂಪಾದಿಸುವವರಿಗೆ ಇಂಥ ಪತ್ರದ ಭಾರ ತಿಳಿದಿರುತ್ತದೆ. ಸಂಗಡಿಗರು ಹಿಂದಿರುಗಿ ಹೋಗೆಂದು ಹೇಳಿದರೂ ತಪ್ಪಾಗುತ್ತಿರಲಿಲ್ಲ. ಅವರು ಹಿಂದಿರುಗಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಕೋಟ್ನೀಸರು ಮುಂದಕ್ಕೆ ಹೋದರು. ಅವರು ಮಾಡಿದುದು ಸರಿಯೋ ಎಂದು ಕೇಳಿದರೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಸೊಲ್ಲಾಪುರದ ಮನೆಯಲ್ಲಿ ಆ ವರ್ಷ ಕಳೆದ ಬಗೆಯನ್ನೂ ನೆನೆಯಬೇಕು. ದೊಡ್ಡವರ ಚರಿತ್ರೆಯನ್ನು ಬರೆಯುವವರು ಹಿಂದೆ ಉಳಿದ ತಾಯಿಯರ ಮೇಲೆ ಬಿದ್ದ ಹೊರೆಯ ವಿಷಯದಲ್ಲಿ ಹೆಚ್ಚಾಗಿ ಮೌನವಾಗಿರುತ್ತಾರೆ.

1939ರ ಫೆಬ್ರವರಿಯಲ್ಲಿ ಅವರು ಯೆನಾನನ್ನು ಸೇರಿದರು. ಅದು ಹಳದಿ ಮಣ್ಣಿನ ಬೆಟ್ಟಗಳ ನಾಡು. ಮರವಿಲ್ಲ, ಕಲ್ಲಿಲ್ಲ. ಜನರು ಬೆಟ್ಟದ ಮೈಯನ್ನೇ ಕೊರೆದು ಗವಿಗಳಲ್ಲಿ ಮನೆ ಮಾಡಿಕೊಳ್ಳುವರು. ಗವಿಗಳಲ್ಲಿ ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆಸ್ಪತ್ರೆಯೂ ಗವಿಗಳಲ್ಲೇ ಇದ್ದಿತು. ಬಾಂಬಿನಿಂದ ರಕ್ಷಣೆಗೂ ಅದೇ ತಕ್ಕುದು. ಮಾವೋ ತ್ಸೆ ತುಂಗರು ಭಾರತೀಯ ವೈದ್ಯರನ್ನು ಅಲ್ಲಿ ಸ್ವಾಗತಿಸಿದರು. ಐವರೂ ತಮ್ಮ ತಮ್ಮ ಹೆಸರುಗಳನ್ನು ಚೀನೀ ಉಚ್ಚಾರಕ್ಕೆ ಒಗ್ಗಿಸಿ, ಕೊನೆಗೆ ಹುವಾ ಎಂಬ ಅಕ್ಷರವನ್ನು ಸೇರಿಸಿಕೊಂಡಿದ್ದರು. ಹುವಾ ಎಂದರೆ ಚೀನಾ. ಕೋಟ್ನೀಸರು ಕೇ ತಿಹುವಾ ಆದರು. ಚೀನಾದಲ್ಲಿ ಅವರ ಹೆಸರು ಇಂದಿಗೂ ಅದೇ.

ಕೇ ತಿಹುವಾ ಎಂದು ಹೆಸರಿಟ್ಟುಕೊಂಡರೆ ಚೀನೀ ಭಾಷೆ ಬಂದಂತಾಗಲಿಲ್ಲ. ಆ ಭಾಷೆಯ ಕಷ್ಟ ನಮ್ಮ ಊಹೆಗೆ ನಿಲುಕುವುದಲ್ಲ. ನಮ್ಮಲ್ಲಿ ಐವತ್ತು ಅಕ್ಷರ ಕಲಿತರೆ ಯಾವ ಮಾತನ್ನಾದರೂ ಬರೆಯಬಹುದು. ಅಲ್ಲಿ ಒಂದೊಂದು ಮಾತಿಗೂ ಒಂದೊಂದು ಚಿತ್ರದಂಥ ಅಕ್ಷರ. ಪತ್ರಿಕೆಯನ್ನು ಓದಬೇಕಾದರೆ ಕೆಲವು ಸಾವಿರ ಅಕ್ಷರಗಳ ಪರಿಚಯ ಬೇಕು. ಸಾಲದುದಕ್ಕೆ ಸ್ವರದ ತೊಡಕು. ಮಾಯ್ ಎಂಬ ಒಂದೇ ಮಾತನ್ನು ಸ್ವರ ಇಳಿಸಿ ಎತ್ತಿದರೆ ಕೊಳ್ಳುವುದು, ಸ್ವರವನ್ನು ಥಟ್ಟನೆ ಇಳಿಸಿದರೆ ಮಾರುವುದು. ರೋಗಿಗೆ ಎಲ್ಲಿ ನೋವು ಎಂದು ಕೇಳಲು ಹೊರಟು ಬೇರೇನೋ ಕೇಳಿಬಿಡುವ ಸಂಭವ ಹೆಜ್ಜೆಹೆಜ್ಜೆಗೂ ಇದ್ದಿತು. ದುಭಾಷಿಯ ನೆರವಿನಿಂದಲೇ ಕೆಲಸ ಸಾಗಿಸಿ, ಗಡುವು ಮುಗಿದ ಬಳಿಕ ಮರಳಿದ್ದರೂ ಅವರ ಸೇವೆಗೆ ಕುಂದಾಗುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಕೂತು ಭಾಷೆಯನ್ನು ಕಲಿತರು. ಮೊದಲು ಮಾತು, ಬಳಿಕ ಓದು, ಬಳಿಕ ಬರೆಹ. ಕೆಲಕಾಲದಲ್ಲಿಯೇ ದುಭಾಷಿಯಿಲ್ಲದೆ ರೋಗಿಗಳ ಬಳಿ ಕುಳಿತುಕೊಳ್ಳತೊಡಗಿದರು.

ತಂಡದ ಉಳಿದವರು ಒಬ್ಬೊಬ್ಬರಾಗಿ, ಕೆಲವರು ಅನಾರೋಗ್ಯದಿಂದ, ಭಾರತಕ್ಕೆ ಹಿಂದಿರುಗಿದರು. ಬಸು ಮಾತ್ರ 1943ರವರೆಗೆ ಉಳಿದರು. ಕೋಟ್ನೀಸರು 1939ರ ನವೆಂಬರಿನಲ್ಲಿ ಯೆನಾನನ್ನು ಬಿಟ್ಟು ರಣರಂಗದ ಕಡೆಗೆ ಹೊರಟರು. ಶಾನ್ಸಿ, ಚಾಹಾರ್, ಹೆಬೇ ಎಂಬ ಮೂರು ಪ್ರಾಂತಗಳು ಕೂಡುವಲ್ಲಿನ ಗುಡ್ಡಗಾಡಿಗೆ ಗಡಿ ಪ್ರದೇಶವೆಂದೇ ಹೆಸರು. ಸುತ್ತಲೂ ಜಪಾನೀಯರ ಠಾಣೆಗಳು, ನಡುವೆ ರೈತರ ಹಳ್ಳಿಗಳು. ಹೀಗೆ ಸೊಲ್ಲಾಪುರದ ಗಡಿನಾಡಿನ ಹುಡುಗ ಇನ್ನೊಂದು ಗಡಿನಾಡನ್ನು ಸೇರಿದನು.

1940ರ ಆಗಸ್ಟಿನಲ್ಲಿ ಎಂಟನೆಯ ಮಾರ್ಗ ಸೇನೆಯು ಜಪಾನೀಯರ ರೈಲುದಾರಿಗಳ ಮೇಲೆ ನೂರು ದಳಗಳ ದಾಳಿಯೆಂದು ಹೆಸರಾದ ದೊಡ್ಡ ಹೋರಾಟವನ್ನು ಆರಂಭಿಸಿತು. ಗಾಯಾಳುಗಳು ಡೋಲಿಗಳಲ್ಲಿ, ಹೇಸರಗತ್ತೆಗಳ ಮೇಲೆ, ರೈತರ ಬೆನ್ನುಗಳ ಮೇಲೆ ಬಂದರು. ಆ ದಿನಗಳಲ್ಲಿ ಒಮ್ಮೆ ಕೋಟ್ನೀಸರು 72 ಗಂಟೆ ಕಣ್ಣು ಮುಚ್ಚದೆ ಶಸ್ತ್ರಚಿಕಿತ್ಸೆ ನಡೆಸಿದರು. ಆ ಹೋರಾಟದಲ್ಲಿ ಅವರ ಕೈಕೆಳಗೆ ಬಂದ ಗಾಯಾಳುಗಳ ಸಂಖ್ಯೆ 800ಕ್ಕೂ ಹೆಚ್ಚು. ಮಂಜು ಸುರಿಯುವ ಚಳಿ. ಅರಿವಳಿಕೆಯ ಮದ್ದು ಅಪರೂಪ. ಹತ್ತಿಯನ್ನೂ ಬಟ್ಟೆಯ ಪಟ್ಟಿಗಳನ್ನೂ ಒಗೆದು ಕುದಿಸಿ ಮತ್ತೆ ಬಳಸಬೇಕು. ಜಪಾನೀಯರು ದಾರಿ ಕಟ್ಟಿದ್ದರಿಂದ ಹೊರಗಿನ ಔಷಧಗಳು ಬರುವಂತಿರಲಿಲ್ಲ. ಚೀನಾದ ಹಳೆಯ ವೈದ್ಯರು ತಲತಲಾಂತರದಿಂದ ಬಳಸುತ್ತಿದ್ದ ಗಿಡಮೂಲಿಕೆಗಳನ್ನೂ ಆಸ್ಪತ್ರೆಗಳಲ್ಲಿ ಆಶ್ರಯಿಸಬೇಕಾಯಿತು.

ಆ ಪ್ರದೇಶದಲ್ಲಿ ಅವರಿಗಿಂತ ಮುಂಚೆ ನಾರ್ಮನ್ ಬೆಥೂನ್ ಎಂಬ ಕೆನಡಾ ದೇಶದ ಶಸ್ತ್ರವೈದ್ಯರು ಕೆಲಸ ಮಾಡುತ್ತಿದ್ದರು. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಬೆರಳಿಗಾದ ಗಾಯ ನಂಜಾಗಿ 1939ರ ನವೆಂಬರ್ 12ರಂದು ಅವರು ಸ್ವರ್ಗಸ್ಥರಾದರು. ಅವರ ಹೆಸರಿನಲ್ಲಿ ಒಂದು ಆಸ್ಪತ್ರೆ, ಒಂದು ಆರೋಗ್ಯ ವಿದ್ಯಾಲಯ ಆ ಗುಡ್ಡಗಳ ಹಳ್ಳಿಗಳಲ್ಲಿ ನಡೆಯುತ್ತಿದ್ದವು. 1941ರ ಜನವರಿಯಲ್ಲಿ ಕೋಟ್ನೀಸರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಅಧ್ಯಾಪಕರೂ ಆದರು.

ಕೋಟ್ನೀಸರ ಚರಿತ್ರೆಯನ್ನು ಹೇಳುವವರೆಲ್ಲ ಆ 72 ಗಂಟೆಗಳನ್ನು ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ನಾವು ಶಿಕ್ಷಕರಾದುದರಿಂದಲೋ ಏನೋ, ಅವರ ಬಾಳಿನ ಹಿರಿಮೆ ಆ ಶಸ್ತ್ರಚಿಕಿತ್ಸೆಯ ಮೇಜಿಗಿಂತ ಹೆಚ್ಚಾಗಿ ಪಾಠದ ಕೊಠಡಿಯಲ್ಲಿ ನಮಗೆ ಕಾಣುತ್ತದೆ. ಒಬ್ಬ ವೈದ್ಯನು ಎಷ್ಟು ಜನರ ಗಾಯ ಕಟ್ಟಬಲ್ಲನು? ಅವನು ಕಲಿಸಿ ಕಳಿಸಿದವರು ಕಟ್ಟುವ ಗಾಯಗಳಿಗೆ ಲೆಕ್ಕವಿಲ್ಲ. ಆ ವಿದ್ಯಾಲಯಕ್ಕೆ ಕಟ್ಟಡವಿರಲಿಲ್ಲ. ಶತ್ರು ಸಮೀಪಿಸಿದರೆ ಪಾಠ ನಿಲ್ಲಿಸಿ, ಪುಸ್ತಕಗಳನ್ನೂ ಸಲಕರಣೆಗಳನ್ನೂ ಹೊತ್ತು ಇನ್ನೊಂದು ಹಳ್ಳಿಗೆ ಹೋಗಬೇಕು. ಕಲಿಯಲು ಬಂದವರಲ್ಲಿ ಅನೇಕರು ರೈತರ ಮಕ್ಕಳು. ಹೆಚ್ಚಿನ ಶಾಲೆಯನ್ನು ಕಾಣದವರು. ಇಂಗ್ಲಿಷ್ ಪುಸ್ತಕಗಳು ಅವರ ಪಾಲಿಗೆ ಬೀಗ ಹಾಕಿದ ಪೆಟ್ಟಿಗೆ. ಕೋಟ್ನೀಸರು ತಾವು ಪರೇಲಿನಲ್ಲಿ ಇಂಗ್ಲಿಷಿನಲ್ಲಿ ಕಲಿತ ಶಾಸ್ತ್ರವನ್ನು ಆ ಮಕ್ಕಳಿಗೆ ಚೀನೀ ಭಾಷೆಯಲ್ಲಿ ಪಾಠ ಹೇಳಿದರು. ಪಠ್ಯಪುಸ್ತಕವಿಲ್ಲವೆಂದು ಕೈಕಟ್ಟಿ ಕೂಡಲಿಲ್ಲ. ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳನ್ನು ಕುರಿತು ತಾವೇ ಒಂದು ಪುಸ್ತಕವನ್ನು ಬರೆದರು. ದೇಹದ ಒಂದೊಂದು ಅಂಗದ ಚಿಕಿತ್ಸೆಯನ್ನೂ ವಿವರಿಸುವ ಎರಡನೆಯದನ್ನು ಬರೆಯತೊಡಗಿದರು.

ಈಚೆಗೆ ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ ಪಾಠ ಮುಗಿದ ಮೇಲೆ ಹಿಂದೆ ಉಳಿದು, ಕನ್ನಡದಲ್ಲಿ ಕಲಿತವರಿಗೆ ಡಾಕ್ಟರರಾಗಲು ಸಾಧ್ಯವೇ ಎಂದು ಕೇಳಿದಳು. ಅವಳ ನೆರೆಮನೆಯ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುವವರು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದ ನಮಗೆ ಆ ಪ್ರಶ್ನೆಯ ಹಿಂದಿನ ಹೆದರಿಕೆ ಹೊಸದಲ್ಲ. ಮುಂದೆ ಇಂಗ್ಲಿಷ್ ಕಲಿಯಲೇಬೇಕಾಗುತ್ತದೆ, ಅದು ಕಷ್ಟವೇ ಸರಿ ಎಂದು ನಿಜವನ್ನೇ ಹೇಳಿದೆವು. ಆ ಬಳಿಕ ಕೋಟ್ನೀಸರ ಈ ಸಂಗತಿಯನ್ನು ಹೇಳಿದೆವು. ಇಪ್ಪತ್ತೆಂಟು ವರ್ಷ ವಯಸ್ಸಾದ ಮೇಲೆ, ಗುಂಡಿನ ಸದ್ದಿನ ನಡುವೆ, ಅಷ್ಟು ಕಠಿಣವಾದ ಭಾಷೆಯನ್ನು ಕಲಿತು, ಅದರಲ್ಲೇ ವೈದ್ಯಶಾಸ್ತ್ರವನ್ನು ಬೋಧಿಸಲು ಒಬ್ಬರಿಗೆ ಸಾಧ್ಯವಾಯಿತು. ರೈತರ ಮಕ್ಕಳು ತಮ್ಮ ಮನೆಯ ಮಾತಿನಲ್ಲೇ ಕಲಿತು ಶಸ್ತ್ರವೈದ್ಯರಾದರು. ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆ ಡಾಕ್ಟರರ ಕತೆಯನ್ನು ಸಂಚಿಕೆಗೆ ಬರೆಯಿರೆಂದಳು. ಈ ಲೇಖನದ ಮೂಲ ಅದು.

ಕೋಟ್ನೀಸರ ಚಿಕಿತ್ಸೆ ಸೈನಿಕರಿಗೆ ಮಾತ್ರ ಮೀಸಲಾಗಿರಲಿಲ್ಲ. ಹಳ್ಳಿಗರ ಮಕ್ಕಳು, ಮುದುಕರು, ಬಸುರಿಯರು ಯಾರು ಬಂದರೂ ನೋಡುತ್ತಿದ್ದರು. ಅವರ ಮೈಬಣ್ಣವನ್ನೂ ಅವರ ಅಂತಃಕರಣವನ್ನೂ ಒಟ್ಟಿಗೆ ಕೂಡಿಸಿ ಜನರು ಅವರನ್ನು ಕರಿಯ ತಾಯಿ ಎಂದು ಕರೆಯುತ್ತಿದ್ದರು. ಗಂಡಸಿಗೆ ತಾಯಿಯೆಂಬ ಹೆಸರು ಸುಮ್ಮನೆ ಬರುವುದಿಲ್ಲ. ಪಂಢರಪುರದ ವಿಠೋಬನನ್ನು ವಿಠ್ಠಲ ಮಾವುಲಿ ಎನ್ನುವವರ ನಡುವೆ ಹುಟ್ಟಿದವರಿಗೆ ಅದರ ಅರ್ಥ ಹೊಳೆಯದಿರದು.

ಆ ವಿದ್ಯಾಲಯದಲ್ಲಿಯೇ ಕುವೋ ಚಿಂಗ್‌ಲಾನ್ ಎಂಬ ಯುವತಿ ದಾದಿಯರಿಗೆ ಶುಶ್ರೂಷೆಯ ಪಾಠ ಹೇಳುತ್ತಿದ್ದರು. 1940ರಲ್ಲಿ ಬೆಥೂನರ ಸಮಾಧಿಯ ಸಮಾರಂಭದಲ್ಲಿ ಇಬ್ಬರೂ ಮೊದಲು ಒಬ್ಬರನ್ನೊಬ್ಬರು ಕಂಡವರು. 1941ರ ಕೊನೆಯಲ್ಲಿ ವಿವಾಹವಾದರು. 1942ರ ಆಗಸ್ಟ್ 23ರಂದು ಗಂಡುಮಗು ಜನಿಸಿತು. ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಆದರೆ ಅಷ್ಟರಲ್ಲಿ ಕೋಟ್ನೀಸರ ಆರೋಗ್ಯ ಒಡೆದಿತ್ತು. ಅವರಿಗೆ ಅಪಸ್ಮಾರ ಬರತೊಡಗಿತ್ತು. ನಮ್ಮ ಹಳ್ಳಿಗಳಲ್ಲಿ ಮೂರ್ಛೆರೋಗ ಎನ್ನುವುದು ಇದನ್ನೇ. ನಿದ್ದೆಯಿಲ್ಲದ ರಾತ್ರಿಗಳು, ಅರೆಹೊಟ್ಟೆಯ ಊಟ, ಬಿಡುವಿಲ್ಲದ ದುಡಿಮೆ ಅದನ್ನು ಉಲ್ಬಣಗೊಳಿಸಿದವು. ಆ ಪ್ರದೇಶದ ಸೇನಾಪತಿ ನಿಯೇ ಜುಂಗ್‌ಚೆನ್ ಅವರು ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯಿರೆಂದು ಒತ್ತಾಯಪಡಿಸಿದರೂ ಅವರು ಒಪ್ಪಲಿಲ್ಲ. ತಾನು ವೈದ್ಯನಾಗಿದ್ದೂ ತನ್ನ ದೇಹದ ಮಾತನ್ನು ಕೇಳದೆ ಹೋದುದು ಅವರ ತಪ್ಪೆಂದು ನಮಗೆ ತೋರುತ್ತದೆ. ಇನ್ನು ಹತ್ತು ವರ್ಷ ಬದುಕಿದ್ದರೆ ಎಷ್ಟು ಜನರನ್ನು ತಯಾರುಮಾಡುತ್ತಿದ್ದರೋ. 1942ರ ಡಿಸೆಂಬರ್ 8ರ ರಾತ್ರಿ, ಎರಡನೆಯ ಪುಸ್ತಕವನ್ನು ಬರೆಯುತ್ತ ಕುಳಿತಿದ್ದಾಗ ಮೂರ್ಛೆ ಬಂದಿತು. ಒಂದರ ಮೇಲೊಂದು ಮರಳಿ ಬಂದಿತು. ಮರುದಿನ ಬೆಳಗಿನ ಜಾವದಲ್ಲಿ, ಹೆಬೇ ಪ್ರಾಂತದ ತಾಂಗ್ ತಾಲೂಕಿನ ಹಳ್ಳಿಯೊಂದರಲ್ಲಿ, ಅವರ ಪ್ರಾಣ ಹೋಯಿತು. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಮಾವೋ ಅವರು ತಮ್ಮ ಕೈಯಿಂದಲೇ ಶ್ರದ್ಧಾಂಜಲಿಯನ್ನು ಬರೆದು ಕಳಿಸಿದರು.

ಸುದ್ದಿಯು ಭಾರತವನ್ನು ತಲುಪಿದ ತರುವಾಯ, 1944ರಲ್ಲಿ ಖ್ವಾಜಾ ಅಹಮದ್ ಅಬ್ಬಾಸರು ಅವರ ಕತೆಯನ್ನು ಪುಸ್ತಕವಾಗಿ ಬರೆದರು. ಅದನ್ನು ಆಧರಿಸಿ 1946ರಲ್ಲಿ ವಿ. ಶಾಂತಾರಾಮರು ಪರೇಲಿನ ತಮ್ಮ ರಾಜಕಮಲ ಕಲಾಮಂದಿರದಿಂದ ಡಾಕ್ಟರ್ ಕೋಟ್ನೀಸ್ ಕೀ ಅಮರ್ ಕಹಾನೀ ಎಂಬ ಚಿತ್ರವನ್ನು ಹೊರತಂದರು. ನಾಯಕನ ಪಾತ್ರವನ್ನು ತಾವೇ ವಹಿಸಿದರು. ಚಿತ್ರದಲ್ಲಿ ಕೋಟ್ನೀಸರು ಚೀನಾದಲ್ಲಿ ಪ್ಲೇಗಿಗೆ ಮದ್ದು ಹುಡುಕಿ, ಕೊನೆಗೆ ಅದೇ ರೋಗಕ್ಕೆ ಬಲಿಯಾಗುತ್ತಾರೆ. ನಿಜ ಹಾಗಲ್ಲವೆಂಬುದನ್ನು ಮೇಲೆ ಹೇಳಿದ್ದೇವೆ. ಪ್ಲೇಗನ್ನು ಮರೆಯದ ಮುಂಬಯಿಯ ಪ್ರೇಕ್ಷಕರಿಗೆ ಆ ರೋಗದ ಹೆಸರೇ ಹೆಚ್ಚು ಮುಟ್ಟೀತೆಂದು ಬಗೆದರೋ ಏನೋ. ಈ ಚಿತ್ರವನ್ನು ಕಂಡವರು, ಪುಸ್ತಕ ಬರೆಯುತ್ತ ಸತ್ತ ಅಧ್ಯಾಪಕನನ್ನು ಅರಿಯದೆ ಉಳಿದರೆಂಬುದು ನಮ್ಮ ಚಿಕ್ಕ ಕೊರಗು.

ಡಾಕ್ಟರ್ ಬಸು ಅವರ ಬಾಳಿನ ಮುಂದಿನ ಭಾಗವೂ ಇಲ್ಲಿಗೆ ಸೇರತಕ್ಕದ್ದು. ಕಲಕತ್ತೆಯಲ್ಲಿ ವೈದ್ಯವೃತ್ತಿಯಲ್ಲಿದ್ದ ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋದರು. ಅಲ್ಲಿ ಸೂಜಿ ಚುಚ್ಚಿ ಗುಣಪಡಿಸುವ ಪುರಾತನ ಚೀನೀ ವೈದ್ಯವನ್ನು, ಅಂದರೆ ಅಕ್ಯುಪಂಕ್ಚರನ್ನು, ಕಲಿತು ಬಂದು ಕಲಕತ್ತೆಯಲ್ಲಿ ಆರಂಭಿಸಿದರು. ಅದನ್ನು ಭಾರತಕ್ಕೆ ತಂದವರು ಅವರೆಂದೇ ಪ್ರಸಿದ್ಧಿ. 1962ರ ಯುದ್ಧ ಎರಡೂ ದೇಶಗಳ ನಡುವೆ ಕಹಿಯನ್ನು ಬಿತ್ತಿದ ಕಾಲದಲ್ಲೂ ಅವರು ಗೆಳೆಯನ ಹೆಸರನ್ನು ಬಿಡಲಿಲ್ಲ. ಬಡವರಿಗೆ ಈ ಚಿಕಿತ್ಸೆ ನೀಡುವ ಕೋಟ್ನೀಸ್ ಸ್ಮಾರಕ ಸಮಿತಿಯನ್ನು ಬೆಳೆಸಿದರು. ಪಂಜಾಬಿನ ಲುಧಿಯಾನದಲ್ಲಿ ಕೋಟ್ನೀಸರ ಹೆಸರಿನ ಅಕ್ಯುಪಂಕ್ಚರ್ ಆಸ್ಪತ್ರೆಯೊಂದಿದೆ. ಕೋಟ್ನೀಸರು ಪರೇಲಿನ ವೈದ್ಯವನ್ನು ಚೀನಾಕ್ಕೆ ಒಯ್ದರು. ಅವರ ಗೆಳೆಯ ಚೀನಾದ ವೈದ್ಯವನ್ನು ಇಲ್ಲಿಗೆ ತಂದರು.

ಅವರು ಕಲಿಸಿದ ವಿದ್ಯಾಲಯ ಮುಂದೆ ಬೆಳೆದು ಬೆಥೂನ್ ವೈದ್ಯಕೀಯ ವಿಶ್ವವಿದ್ಯಾಲಯವಾಗಿ, ಈಗ ಚಾಂಗ್‌ಚುನ್ ನಗರದ ಜಿಲಿನ್ ವಿಶ್ವವಿದ್ಯಾಲಯದಲ್ಲಿ ಸೇರಿಹೋಗಿದೆ. ಅವರ ಸಮಾಧಿ ಶಿಜಿಯಾಜ್ವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ, ಬೆಥೂನರ ಸಮಾಧಿಯಿರುವ ಆವರಣದಲ್ಲೇ ಇದೆ. ಆ ನಗರದಲ್ಲಿ ಅವರ ಹೆಸರಿನ ವೈದ್ಯಶಾಲೆಯೊಂದಿದೆ. ಹೊಸದಾಗಿ ಸೇರುವವರು ಅವರ ಮೂರ್ತಿಯ 앞ೆದುರು ನಿಂತು ಪ್ರತಿಜ್ಞೆ ಮಾಡುವ ವಾಡಿಕೆಯಿದೆ. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿದವು. ಸೊಲ್ಲಾಪುರದಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ.

ಮಗ ಯಿನ್‌ಹುವಾ ತಂದೆಯ ಹಾದಿಯನ್ನೇ ಹಿಡಿದು ವೈದ್ಯಶಾಸ್ತ್ರವನ್ನು ಓದುತ್ತಿದ್ದನು. ಪದವಿ ಕೈಗೆ ಬರುವ ಮುಂಚೆಯೇ, 1967ರಲ್ಲಿ, ತೀರಿಕೊಂಡನು. ಚಿಂಗ್‌ಲಾನ್ ಅವರು ಸೊಸೆಯಾಗಿ ಹಲವು ಸಲ ಭಾರತಕ್ಕೆ ಬಂದು, ಕೋಟ್ನೀಸರ ಮನೆಯವರೊಡನೆ ಇದ್ದು ಹೋದರು. 2012ರ ಜೂನ್ ತಿಂಗಳಲ್ಲಿ, 96ನೆಯ ವಯಸ್ಸಿನಲ್ಲಿ, ಚೀನಾದ ದಾಲಿಯನ್ ಎಂಬ ಕಡಲ ತೀರದ ಪಟ್ಟಣದಲ್ಲಿ ಅವರು ಕಣ್ಣು ಮುಚ್ಚಿದರು. ಗಂಡನು ಕಾಲವಾಗಿ ಆಗ ಸುಮಾರು ಎಪ್ಪತ್ತು ವರ್ಷಗಳಾಗಿದ್ದವು.